ಉಗ್ರಾಣದ ಕಿಟಕಿಯಲ್ಲಿ ಆಡಿದ ಮಾತು

ನಮ್ಮ ಕನ್ನಡ ಸಂಘದ ವಾರ್ಷಿಕ ಸಂಚಿಕೆಗೆ ‘ಉಗ್ರಾಣ’ ಎಂಬ ಪದದ ಬಗ್ಗೆ ಎರಡು ಪುಟ ಬರೆದುಕೊಡಿ ಎಂದು ಕೇಳಿದರು. ಅಂಬತ್ತೂರಿನ ಕಾರ್ಖಾನೆಯೊಂದರಲ್ಲಿ ಸ್ಟೋರ್ಸ್ ನೋಡಿಕೊಳ್ಳುವವಳು ನಾನು. ಇದೇ ಚೆನ್ನೈಯಲ್ಲಿ ಸಸ್ಯಾಹಾರಿ ಹೋಟೆಲೊಂದರ ಉಗ್ರಾಣವನ್ನು ಜೀವಮಾನವೆಲ್ಲ ಕಾದವರು ನನ್ನ ದೊಡ್ಡಪ್ಪ. ಇವಳಿಗಿಂತ ಯೋಗ್ಯರು ಯಾರು ಸಿಕ್ಕಾರು ಎಂದುಕೊಂಡಿರಬೇಕು. ನಾನೂ ಹಿಗ್ಗಿ ಒಪ್ಪಿಕೊಂಡೆ.

ಪದದ ಕಥೆ ಕಷ್ಟದ್ದೇನಲ್ಲ. ಸಾಮಾನು ಕೂಡಿಟ್ಟು, ಬೇಕಾದವರಿಗೆ ಬೇಕಾದಾಗ ತೆಗೆದುಕೊಡುವ ಕೋಣೆ ಉಗ್ರಾಣ. ತಮಿಳರ ಮದುವೆಮನೆಯಲ್ಲೂ ಇದೇ ಪದ ಓಡಾಡುತ್ತದೆ, ಸ್ವಲ್ಪ ಒತ್ತಿ ‘ಉಕ್ಕಿರಾಣಂ’ ಎನ್ನುತ್ತಾರೆ. ನಮ್ಮ ಕರಾವಳಿಯಲ್ಲಿ ಹಿಂದೆ ಪಟೇಲರ ಕೈಕೆಳಗೆ ದುಡಿಯುತ್ತಿದ್ದ ಊರಿನ ನೌಕರನಿಗೂ ಉಗ್ರಾಣಿ ಎಂಬ ಹೆಸರಿತ್ತು. ಯಾವ ಭಾಷೆ ಯಾವುದಕ್ಕೆ ಕೊಟ್ಟಿತೋ, ನಾನು ಹೇಳಲಾರೆ. ಅದರಲ್ಲಿ ‘ಉಗ್ರ’ ಯಾಕಿದೆ ಎಂದು ಚಿಕ್ಕಂದಿನಲ್ಲಿ ದೊಡ್ಡಪ್ಪನನ್ನು ಕೇಳಿದ್ದೆ. ಅದು ಹೆಗ್ಗಣಗಳಿಗೆ ಮಾತ್ರ ಎಂದಿದ್ದರು.

ಬೆಲ್ಲದ ಡಬ್ಬಗಳ ನಡುವೆ ಕೂತು ಅವರ ಮಾತು ಕೇಳುತ್ತಲೇ ನಾನು ಕನ್ನಡ ಕಲಿತದ್ದು. ಅಡುಗೆಯವರು ಬಂದರೆ ಎಷ್ಟು ಜನಕ್ಕೆ ಎಂದಷ್ಟೇ ಕೇಳಿ ಅಳೆದು ಕೊಡುತ್ತಿದ್ದರು. ಏನಾದರೂ ಮುಗಿದಿದ್ದರೆ ಪಕ್ಕದ ಹೋಟೆಲಿಗೆ ತಾವೇ ನಡೆದುಹೋಗಿ ಕಡ ತರುತ್ತಿದ್ದರು.

“ಉಗ್ರಾಣದಲ್ಲಿ ಕೂತವರು ಇಲ್ಲ ಅಂತ ಹೇಳ್ಲಿಕ್ಕಿಲ್ಲ ಮಗಾ. ಅಡುಗೆಯವನ ಕೈ ಕಟ್ಟಿ ಹಾಕಿದ ಹಾಗೆ ಆಗ್ತದೆ.”

ಇಷ್ಟು ಬರೆದ ಮೇಲೆ ಪೆನ್ನು ಮುಂದಕ್ಕೆ ಹೋಗಲಿಲ್ಲ. ನಾನು ಹಾಗೆ ‘ಇಲ್ಲ’ ಎಂದು ಹೇಳಿದವಳು. ಅದೂ ಸಾಮಾನು ಇಟ್ಟುಕೊಂಡೇ.

ಕಳೆದ ವರ್ಷ ನಮ್ಮ ಕಾರ್ಖಾನೆಗೆ ಹೊರಗಿನವರು ತಪಾಸಣೆಗೆ ಬರುವವರಿದ್ದರು. ಅವತ್ತು ಎಲ್ಲರ ಕೈಯಲ್ಲೂ ಹೊಸ ಗ್ಲೌಸ್ ಮಿಂಚಲಿ ಎಂದು ಒಂದು ಪೆಟ್ಟಿಗೆ ಎತ್ತಿಟ್ಟಿದ್ದೆ. ಯಾರೂ ಹೇಳಿರಲಿಲ್ಲ, ನನ್ನದೇ ಜಾಣತನ. ಹಿಂದಿನ ದಿನ ಬೆಳಿಗ್ಗೆ, ತಗಡು ಕತ್ತರಿಸುವ ವಿಭಾಗದ ಹಿರಿಯ ಕೆಲಸಗಾರರೊಬ್ಬರು ಸ್ಟೋರ್ಸಿನ ಕಿಟಕಿಗೆ ಬಂದು ಅಂಗೈ ಹರಿದ ಗ್ಲೌಸ್ ತೋರಿಸಿದರು.

“ಸ್ಟಾಕ್ ಇಲ್ಲೈ ಅಣ್ಣಾ,” ಎಂದೆ. ಕಂಪ್ಯೂಟರಿನಿಂದ ಕಣ್ಣು ಕೂಡ ತೆಗೆಯಲಿಲ್ಲ.

ಅವರು ಸರಿ ಮೇಡಂ ಎಂದು ಹೋದರು. ಊಟದ ಗಂಟೆಗೆ ಮುಂಚೆಯೇ ತಗಡಿನ ಅಂಚು ಅವರ ಅಂಗೈ ಸೀಳಿತ್ತು. ಆರು ಹೊಲಿಗೆ ಬಿದ್ದವು.

ಮರುದಿನ ಪೆಟ್ಟಿಗೆ ಒಡೆದು ಹಂಚಿದೆ. ಹಿಂದಿನ ಸಂಜೆ ಬಂದ ಮಾಲು ಎಂದು ಎಲ್ಲರೂ ಅಂದುಕೊಂಡರು, ನಾನು ತಿದ್ದಲಿಲ್ಲ. ತಪಾಸಣೆಯವರು ಮೆಚ್ಚಿಕೊಂಡು ಹೋದರು. ಆಮೇಲೆ ಮ್ಯಾನೇಜರ್ ಗಾಯದ ವಿಚಾರಣೆ ಮಾಡಿದರು. ಸ್ಟೋರ್ಸಿನಲ್ಲಿ ಗ್ಲೌಸ್ ಇರಲಿಲ್ಲ, ಬರುವ ತನಕ ಕಾಯದೆ ಕೆಲಸಕ್ಕೆ ಇಳಿದದ್ದು ತನ್ನದೇ ತಪ್ಪು ಎಂದರಂತೆ ಆ ಹಿರಿಯರು. ಮೆಮೊ ಅವರ ಹೆಸರಿಗೆ ಬಂತು. ನಿವೃತ್ತಿಗೆ ಎರಡು ವರ್ಷವಿದ್ದ ಆ ಮನುಷ್ಯನ ಫೈಲಿನಲ್ಲಿ ಅದೇ ಮೊದಲ ಮೆಮೊ. ಗೊತ್ತಿದ್ದೂ ಹತ್ತು ದಿನ ಬಾಯಿ ಮುಚ್ಚಿಕೊಂಡಿದ್ದೆ.

ಹೊಲಿಗೆ ಬಿಚ್ಚಿಸಿಕೊಂಡು ಅವರು ಕೆಲಸಕ್ಕೆ ಮರಳಿದ ದಿನ ಹತ್ತಿರ ಹೋಗಿ, ಅವತ್ತು ಗ್ಲೌಸ್ ಇತ್ತು ಎಂದೆ. ಅವರು ತಮಿಳಿನಲ್ಲಿ ಹೇಳಿದ್ದು ಇಷ್ಟು:

“ಗೊತ್ತು ಮೇಡಂ. ಪೆಟ್ಟಿಗೆ ನಿಮ್ಮ ಬೆನ್ನ ಹಿಂದೆಯೇ ಇತ್ತಲ್ಲ. ನನಗಿಂತ ಜಾಸ್ತಿ ಬೇಕಾದವರು ಯಾರೋ ಇದ್ದಾರೆ ಅಂದುಕೊಂಡೆ.”

ಮತ್ತೆ ವಿಚಾರಣೆಯಲ್ಲಿ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಕೈ ಹೇಗೂ ಹೋಗಿತ್ತು, ನಿಮ್ಮ ಹೆಸರೂ ಯಾಕೆ ಹೋಗಬೇಕು ಎಂದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಅವರು ಬೇಡವೆಂದರೂ ಆ ಮಧ್ಯಾಹ್ನವೇ ನಡೆದದ್ದನ್ನೆಲ್ಲ ಬರೆದು ಮ್ಯಾನೇಜರಿಗೆ ಕೊಟ್ಟೆ. ಮೆಮೊ ಅವರ ಫೈಲಿನಿಂದ ಹೊರಬಂತು. ನನ್ನ ಹೆಸರಿಗೆ ಇನ್ನೊಂದು ಬರಬಹುದೆಂದು ಕಾದೆ. ಬರಲಿಲ್ಲ. ಮ್ಯಾನೇಜರ್ ನನಗೆ ಕುರ್ಚಿ ತೋರಿಸಿ, ಕಾಫಿ ತರಿಸಿ, ಇನ್ನು ಮೇಲೆ ನೋಡಿಕೊಳ್ಳಿ ಎಂದರು. ಅದೇ ಕೋಣೆಯಲ್ಲಿ ಆ ಹಿರಿಯರನ್ನು, ಕೈಗೆ ಕಟ್ಟು ಹಾಕಿದ್ದಾಗ, ಮುಕ್ಕಾಲು ಗಂಟೆ ನಿಲ್ಲಿಸಿ ಕೇಳಿದ್ದರಂತೆ. ನಾನು ಆ ಕಾಫಿ ಕುಡಿದೆ.