ಬೆನ್ನು ಹತ್ತಿದ ತುಳುಕು

ನೀರು ಸರಬರಾಜು ಕಚೇರಿಯಲ್ಲಿ ಅವನನ್ನು ಎಲ್ಲರೂ ಕಿವಿಯಣ್ಣನೆಂದೇ ಕರೆಯುತ್ತಿದ್ದರು. ಊರಿನ ಗದ್ದಲ ಏಳುವ ಮೊದಲೇ ಕಬ್ಬಿಣದ ಸಲಾಕೆಯನ್ನು ರಸ್ತೆಗೆ ಊರಿ, ಅದರ ಮೇಲ್ತುದಿಗೆ ಕಿವಿಗೊಟ್ಟು, ಮಣ್ಣಿನಡಿಯ ಕೊಳವೆ ಎಲ್ಲಿ ಸೋರುತ್ತಿದೆಯೆಂದು ಹೇಳುವುದು ಅವನ ಕೆಲಸ. ಇಪ್ಪತ್ತಾರು ವರ್ಷ ಅವನು ಸೀಮೆಸುಣ್ಣದ ಗೀಟು ಎಳೆದಲ್ಲೆಲ್ಲ ನೀರು ಸಿಕ್ಕಿತ್ತು.

ಇಪ್ಪತ್ತೇಳನೆಯ ವರ್ಷ, ಅವನು ಗೀಟು ಎಳೆದ ಎರಡು ಕಡೆ ಅಗೆದಾಗ ಒಣಮಣ್ಣು ಸಿಕ್ಕಿತು.

"ಏನಣ್ಣ, ಕಿವಿಗೆ ರಜೆ ಕೊಟ್ಟಿದೀಯಾ?" ಎಂದು ಅಗೆಯುವವನು ನಕ್ಕ. ಮೇಲಧಿಕಾರಿ ನಗಲಿಲ್ಲ. "ಇನ್ನೊಂದ್ಸಲ ಹೀಗಾದ್ರೆ ಸಲಾಕೆ ಒಪ್ಪಿಸಿ ಉಗ್ರಾಣಕ್ಕೆ ಹೋಗ್ಬೇಕಾಗುತ್ತೆ ನೀವು."

ಆದರೆ ಸದ್ದು ಕೇಳಿಸಿದ್ದು ನಿಜ. ಸಲಾಕೆಯ ಮೇಲೆ ಬಗ್ಗಿದೊಡನೆ, ಹತ್ತಿರದಲ್ಲೆಲ್ಲೋ ಅರೆತುಂಬಿದ ಕೊಡ ತುಳುಕಿದಂತೆ. ಈಗ ಅದು ಮನೆಗೂ ಬಂದಿತ್ತು. ಮೆಟ್ಟಿಲು ಹತ್ತಿದರೆ ಪ್ರತಿ ಮೆಟ್ಟಿಲಿಗೂ ತುಳುಕುವುದು. ನಿಂತರೆ ತಾನೂ ನಿಲ್ಲುವುದು. ಯಾರೋ ಕೊಡ ಹೊತ್ತು, ಹೆಜ್ಜೆಗೆ ಹೆಜ್ಜೆ ಕೂಡಿಸಿ ಬೆನ್ನ ಹಿಂದೆಯೇ ಬರುತ್ತಿರುವ ಹಾಗೆ. ತಿರುಗಿದರೆ ಯಾರೂ ಇಲ್ಲ. ಎರಡು ತುತ್ತಿಗೇ ಹೊಟ್ಟೆ ಬಿರಿಯುತ್ತಿತ್ತು. ಹೆದರಿಕೆಗೆ ಹಸಿವು ಸತ್ತಿದೆಯೆಂದುಕೊಂಡ.

ಒಂದು ಮಧ್ಯಾಹ್ನ ಬಚ್ಚಲಲ್ಲಿ ವಾಂತಿಯಾಯಿತು. ನೀರು ಸುರಿಯಲು ಬಂದ ಹೆಂಡತಿ ಚೊಂಬು ಹಿಡಿದು ಹಾಗೆಯೇ ನಿಂತಳು. ಹಸಿರು ಬಟಾಣಿ, ಇಡಿ ಇಡಿಯಾಗಿ.

"ಇದು ನಿನ್ನೆ ಮಧ್ಯಾಹ್ನದ್ದು ಕಣ್ರೀ," ಎಂದಳು ಮೆಲ್ಲಗೆ. "ಇವತ್ತು ನಾನು ಬಟಾಣಿ ಮಾಡೇ ಇಲ್ಲ."

ವೈದ್ಯೆ ಅವನನ್ನು ಮಲಗಿಸಿ, ಸೊಂಟ ಹಿಡಿದು ಅತ್ತಿತ್ತ ಅಲುಗಿಸಿದರು. ಮುಚ್ಚಿದ ಕೊಠಡಿಯಲ್ಲಿ ಕೊಡ ತುಳುಕಿತು. ಅವನು ತಲೆಯೆತ್ತಿ ಬಾಗಿಲ ಕಡೆ ನೋಡಿದ.

"ಕೇಳಿಸ್ತಾ? ನಿಮ್ಮ ಹೊಟ್ಟೇನೇ."

ಪರೀಕ್ಷೆಗಳಾದವು. ಒಳಗೆ ಅಡ್ಡಿಯೇನೂ ಇರಲಿಲ್ಲ. ಬಹುಕಾಲದ ಸಕ್ಕರೆ ಕಾಯಿಲೆಯಿಂದ ಜಠರದ ನರಗಳು ಸೋತು, ಉಂಡದ್ದು ಮುಂದೆ ಸಾಗದೆ ಗಂಟೆಗಟ್ಟಲೆ ಅಲ್ಲೇ ತಂಗುತ್ತಿತ್ತು.

"ಪೂರ್ತಿ ವಾಸಿಯಾಗುತ್ತೆ ಅನ್ನಲ್ಲ, ಹತೋಟಿಲಿಡಬಹುದು," ಎಂದರು. "ಸಕ್ಕರೆ ಏರದ ಹಾಗೆ ನೋಡ್ಕೊಳಿ. ಸ್ವಲ್ಪ ಸ್ವಲ್ಪ, ದಿನಕ್ಕೆ ಐದಾರು ಸಲ, ಮೆತ್ತಗೆ ಬೆಂದಿದ್ದು. ಜಿಡ್ಡು, ನಾರು ಕಡಿಮೆ. ಉಂಡ ತಕ್ಷಣ ಮಲಗ್ಬೇಡಿ, ನಾಲ್ಕು ಹೆಜ್ಜೆ ನಡೀರಿ."

ಅವನು ಪಥ್ಯಕ್ಕೆ ತನ್ನದೊಂದು ನಿಯಮ ಸೇರಿಸಿದ. ಸಲಾಕೆ ಊರುವ ಮೊದಲು ಮೈಯನ್ನೊಮ್ಮೆ ಅಲುಗಿಸಿ, ತನ್ನನ್ನೇ ಆಲಿಸುವುದು. ತುಳುಕಿದರೆ, ಸಲಾಕೆಯ ಮೇಲೆ ಬಗ್ಗಿ ಅದು ನಿಲ್ಲುವವರೆಗೆ ಕಲ್ಲಿನಂತಿದ್ದು, ಆಮೇಲೆ ಕಿವಿಗೊಡುವುದು.

ತಪ್ಪಿದ ಆ ಎರಡರ ನಂತರ ಎಳೆದ ಮೂರನೆಯ ಗೀಟಿನಡಿ ಅಗೆದಾಗ ನೀರು ಚಿಮ್ಮಿತು. ಸಲಾಕೆ ಅವನ ಕೈಯಲ್ಲೇ ಉಳಿಯಿತು.

ಅಂದು ಮನೆಗೆ ನಡೆಯುವಾಗ ಹಿಂದೆ ಸದ್ದಿರಲಿಲ್ಲ. ಹೊಸ್ತಿಲಲ್ಲಿ ನಿಂತು ಒಮ್ಮೆ ತಿರುಗಿ ನೋಡಿದ.

"ಯಾರ್ರೀ ಜೊತೇಲಿ?" ಎಂದಳು ಹೆಂಡತಿ.

"ಇವತ್ತು ಬಂದಿಲ್ಲ. ಅರ್ಧ ಬಟ್ಟಲು ಅನ್ನ ಕೊಡು, ಮೆತ್ತಗಿರ್ಲಿ."