ನೇರ ಗೆರೆಯ ಭಯ

ಮೊನ್ನೆ ಅಂಚೆ ಕಚೇರಿಯಲ್ಲಿ ಸ್ಟಾಂಪ್ ಪ್ಯಾಡಿನ ನೇರಳೆ ಶಾಯಿ ಬೆರಳಿಗೆ ಹತ್ತಿತು. ಅದರ ವಾಸನೆಗೆ ಗಲ್ಫಿನ ಸುವೈಕಿನ ಆಚೆ, ಕಡಲ ನೀರನ್ನು ಉಗಿಯಿಂದ ಸಿಹಿನೀರು ಮಾಡುತ್ತಿದ್ದ ನಮ್ಮ ಸ್ಥಾವರ ನೆನಪಾಯಿತು. ಅಂಥದ್ದೇ ಶಾಯಿಯಲ್ಲಿ ಉಗಿಯ ಒತ್ತಡವನ್ನು ಕಾಗದದ ಮೇಲೆ ಗೀಚುತ್ತಿದ್ದ ಮೀಟರಿನ ಪೆನ್ನು, ಅದರೆದುರು ನಿಂತಿರುತ್ತಿದ್ದ ಉಡುಪಿ ಕಡೆಯ ನಮ್ಮ ಕಂಟ್ರೋಲ್ ಇಂಜಿನಿಯರು...

ಎಂಬತ್ತರ ದಶಕದ ಕೊನೆ. ನಾನು ಬಾಯ್ಲರ್ ಆಪರೇಟರ್. ನೀರಿನ ಬೇಡಿಕೆ ಬದಲಾದಾಗಲೆಲ್ಲ ಉಗಿಯ ವಾಲ್ವನ್ನು ನಾವೇ ತಿದ್ದಬೇಕಿತ್ತು. ಆ ಇಂಜಿನಿಯರು ಹಟ ಹಿಡಿದು, ಓಡುತ್ತಲೇ ಕಲಿತು ತನ್ನನ್ನು ತಾನೇ ತಿದ್ದಿಕೊಳ್ಳುವ ಕಂಟ್ರೋಲರ್ ಯಂತ್ರ ತರಿಸಿದರು. ಕೆಟ್ಟರೆ ಕೆಲಸ ಬಿಡುತ್ತೇನೆಂದು ಮಾತು ಕೊಟ್ಟೇ ತರಿಸಿದ್ದು. ಹೆಂಡತಿ, ಶಾಲೆಗೆ ಹೋಗುವ ಮಗಳು ಅವರ ವೀಸಾದ ಮೇಲೆಯೇ ಇದ್ದರು.

ಈದ್ ರಜೆಯಲ್ಲಿ ಬೇಡಿಕೆ ಒಂದೇ ಸಮನಿತ್ತು, ಪೆನ್ನು ಅಲುಗದೆ ನೇರ ಗೆರೆ ಎಳೆಯಿತು. ನೇರ ಗೆರೆಯೆಂದರೆ ನಮ್ಮ ಶಿಫ್ಟಿನ ಮರ್ಯಾದೆ. ಆ ಕಾಗದವನ್ನು ಗೋಡೆಗೆ ಅಂಟಿಸಿ ಹಲ್ವ ಹಂಚಿದೆವು. ಅವರು ಮುಟ್ಟಲಿಲ್ಲ.

"ಇದಕ್ಕೀಗ ಕಲಿಲಿಕ್ಕೆ ಎಂತದೂ ಇಲ್ಲ ಮಾರಾಯ. ಮೀಟರಿನ ಸಣ್ಣ ನಡುಕವನ್ನೇ ನಿಜ ಅಂತ ಕಲೀತಾ ಉಂಟು."

ಹಾಗೆ ತಪ್ಪು ಕಲಿತದ್ದು ಬೇಡಿಕೆ ಏರಿದ ಕೂಡಲೇ ಕೈಕೊಡುತ್ತದೆ. ಒಂದೋ ಕಲಿಕೆ ನಿಲ್ಲಿಸಬೇಕು, ಇಲ್ಲವೇ ವಾಲ್ವನ್ನು ಆಗಾಗ ಚೂರು ಅಲುಗಿಸಬೇಕು ಎಂದರು. ಮಂಗಳೂರು ಕಡೆಯವರೇ ಆದ ಸ್ಥಾವರದ ಮ್ಯಾನೇಜರು ನಕ್ಕುಬಿಟ್ಟರು.

"ಚಂದ ನಡೆಯುವುದನ್ನು ಕೆದಕುವುದು ಎಂತಕ್ಕೆ? ಮುಟ್ಟಬೇಡಿ. ಖಲಾಸ್."

ಇಂಜಿನಿಯರು ಕೈಮುಗಿದರೂ ಆ ಮನುಷ್ಯ ಕರಗಲಿಲ್ಲ.

ರಜೆ ಮುಗಿದ ಬೆಳಿಗ್ಗೆ ಬೇಡಿಕೆ ಏರಿತು. ವಾಲ್ವ್ ಪೂರ್ತಿ ತೆರೆಯಿತು, ಪೂರ್ತಿ ಮುಚ್ಚಿತು, ಮತ್ತೆ ತೆರೆಯಿತು. ಇವರು ಓಡಿ ಬರುವಷ್ಟರಲ್ಲಿ ಬಾಯ್ಲರ್ ನಿಂತು ಊರಿಗೆಲ್ಲ ನೀರು ನಿಂತುಹೋಯಿತು. "ಒಂದು ವಾರ ಕೊಡಿ ಸಾರ್, ಸರಿ ಮಾಡ್ತೇನೆ" ಎಂದು ಮ್ಯಾನೇಜರ ಬಾಗಿಲಲ್ಲಿ ನಿಂತು ಅತ್ತರು. ಕೇಳುವವರಿರಲಿಲ್ಲ. ಕಂಟ್ರೋಲರನ್ನು ಕಿತ್ತುಹಾಕಿದರು. ವೀಸಾಕ್ಕೆ ಹೊಣೆಯಾಗಿದ್ದ ಅಲ್ಲಿನ ಧಣಿ, ಕಫೀಲ್, ಅವರ ವೀಸಾ ರದ್ದು ಮಾಡಿಸಿದ. ಆ ಸಂಸಾರ ಊರಿಗೆ ಹೋಯಿತು.

ತೊಂಬತ್ತರ ದಶಕದಲ್ಲಿ ಹೊಸ ಕಂಟ್ರೋಲರುಗಳು ಬಂದವು. ಏನೂ ಬದಲಾಗದಿದ್ದಾಗ ಅವು ತಾವಾಗಿಯೇ ಕಲಿಕೆ ನಿಲ್ಲಿಸುತ್ತಿದ್ದವು. ಅದನ್ನು ನಮಗೆ ವಿವರಿಸಿದ್ದು ಅದೇ ಮ್ಯಾನೇಜರು! ನನಗೆ ಮೈಯೆಲ್ಲ ಉರಿಯಿತು. ರಜೆಯಲ್ಲಿ ಊರಿಗೆ ಬಂದಾಗ ಆ ಇಂಜಿನಿಯರ ಮನೆ ಹುಡುಕಿಕೊಂಡು ಹೋದೆ. ಬಾಗಿಲು ತೆರೆದ ಮಗಳು, ಅಪ್ಪ ತೀರಿಹೋಗಿ ವರ್ಷವಾಯಿತೆಂದಳು.

"ಅಪ್ಪನ ಲೆಕ್ಕ ತಪ್ಪಿತ್ತಾ ಅಂಕಲ್?"

"ಇಲ್ಲ ಮಗಾ. ಸರಿ ಇತ್ತು."

"ತಪ್ಪು ನಂದೇ ಅಂತ ಹೇಳ್ತಾ ಹೇಳ್ತಾ ಹೋದ್ರು..."

ನಾನೀಗ ನಿವೃತ್ತ, ಊರಲ್ಲೇ ಇದ್ದೇನೆ. ಅವರ ಮನೆಯ ದಾರಿಯಲ್ಲಿ ಬಸ್ಸು ಹೋಗುವಾಗ ಇವತ್ತಿಗೂ ಆ ಕಡೆ ನೋಡಲಾಗುವುದಿಲ್ಲ.