ಹೊಸ ಕನ್ವರ್ಟರ್, ಅದೇ ನಾತ

...ಆದರೆ ಮಿಸ್ತ್ರಿಯದೇನೂ ತಪ್ಪಿಲ್ಲ, ಗೆಳೆಯರೇ. ಕಾಕಾ ದುಬೈಯಿಂದ ತಂದ ಹಳೇ ಕಾರು ಕೊಳೆತ ಮೊಟ್ಟೆಯಂತೆ ನಾರುತ್ತಿತ್ತು. ಅದಕ್ಕೇ ಅಜ್ಜಿ ಕಣ್ಣಿನ ಪೊರೆ ತೆಗೆಸಲು ಪಣಜಿಗೆ ಬರಲು ಒಪ್ಪಿರಲಿಲ್ಲ. ಇವತ್ತು ಫೋಂಡಾದಲ್ಲಿ ಮಿಸ್ತ್ರಿ ಹೊಗೆ ಶುದ್ಧ ಮಾಡುವ ಸವೆದ ಕ್ಯಾಟಲಿಟಿಕ್ ಕನ್ವರ್ಟರ್‌ಗಳನ್ನು ಬಿಚ್ಚಿ ಹೊಸವು ಹಾಕಿದ. "ಇನ್ನ ವಾಸನಿ ಬಂದ್ರ ನನ್ನ ಕೇಳ್ರಿ," ಎಂದ. ಖುಷಿಯಿಂದ ಅಜ್ಜಿಯನ್ನು ಹಿಂದೆ ಕೂರಿಸಿ ಹೊರಟೆ.

ಸೇತುವೆಯ ಮೇಲೆ ಮತ್ತೆ ಅದೇ ನಾತ! ಕಾರು ನಿಲ್ಲಿಸಿ ಎಂಜಿನ್ ಆರಿಸಿದೆ. ನಾತ ಇನ್ನೂ ಜೋರಾಯಿತು.

"ಕಾರಿಂದಲ್ಲೋ ತಮ್ಮಾ," ಅಜ್ಜಿ ಬಾಗಿಲ ಕಡೆ ಸರಿದಳು. "ಇಕಿ ಹತ್ತಿದ ಮ್ಯಾಲೆ ಬರಾಕತ್ತೈತಿ. ಪಾಪ, ಪೂರ್ತಿ ತೊಯ್ದಾಳ."

ಅಜ್ಜಿಯ ಪಕ್ಕದ ಖಾಲಿ ಸೀಟು ಮುಟ್ಟಿದೆ. ಒದ್ದೆ!

ಅಜ್ಜಿ ಆಸ್ಪತ್ರೆಯಲ್ಲಿ ಉಳಿದಳು. ನಾನು ಸೈಬರ್ ಕೆಫೆಯಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ಸಂಜೆ ಅದೇ ಸೇತುವೆ ದಾಟಿ ಕಾರನ್ನು ಮನೆಗೆ ಒಯ್ಯಬೇಕು. ಧೈರ್ಯವಿದ್ದವರು ಹೇಳಿ, ಹಿಂದಿನ ಸೀಟಿನಲ್ಲಿ ಯಾರು ಕೂರುತ್ತೀರಿ?